ಮುಕ್ತ ನಕ್ಷಾ ತಂತ್ರಾಂಶ: ಕಲಿಯುವವರು ಎಡವುವುದೆಲ್ಲಿ?

ನಕ್ಷೆ ತಯಾರಿಸುವ ಮುಕ್ತ ತಂತ್ರಾಂಶಗಳ ಪೈಕಿ ಇಂದು ತರಗತಿಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯೂಜಿಐಎಸ್. ಅಮೆರಿಕದ ಗ್ಯಾರಿ ಶೆರ್ಮನ್ 2002ರಲ್ಲಿ ಇದನ್ನು ಆರಂಭಿಸಿದಾಗ ಅವರಿಗೆ ಬೇಕಿದ್ದುದು ಲಿನಕ್ಸ್ ಕಂಪ್ಯೂಟರಿನಲ್ಲಿ ಭೌಗೋಳಿಕ ದತ್ತಾಂಶವನ್ನು ತೆರೆದು ನೋಡುವ ಒಂದು ಸಾಧನ, ಅಷ್ಟೇ. ಅದು 1.0 ಆವೃತ್ತಿಗೆ ಬಂದದ್ದು 2009ರ ಜನವರಿಯಲ್ಲಿ. ಅಷ್ಟರೊಳಗೆ ಅದರ ಸುತ್ತ ಬೇರೆ ಹಲವು ತಂತ್ರಾಂಶಗಳು ಬೆಳೆದಿದ್ದವು. ಇವುಗಳಲ್ಲಿ ಹಿರಿಯದು ಗ್ರಾಸ್. ಅಮೆರಿಕದ ಸೇನಾ ಎಂಜಿನಿಯರುಗಳ ದಳದ ಇಲಿನಾಯ್ ಪ್ರಯೋಗಾಲಯದಲ್ಲಿ, ಸೇನೆಯ ಅಧೀನದ ಭೂಮಿಯನ್ನು ನಿರ್ವಹಿಸುವ ಕೆಲಸಕ್ಕಾಗಿ 1982ರಿಂದ ರೂಪುಗೊಂಡ ಇದನ್ನು 1990ರ ದಶಕದ ನಡುವೆ ಸೇನೆ ಕೈಬಿಟ್ಟಿತು. ವಿಶ್ವವಿದ್ಯಾಲಯಗಳ ಸಂಶೋಧಕರು ಎತ್ತಿಕೊಂಡು ಮುಂದುವರಿಸಿದರು, 1999ರಲ್ಲಿ ಗ್ನೂ ಸಾರ್ವಜನಿಕ ಪರವಾನಗಿಗೆ ಒಳಪಡಿಸಿದರು. ಫ್ರಾಂಕ್ ವಾರ್ಮರ್‌ಡಾಮ್ 1998ರಲ್ಲಿ ಶುರುಮಾಡಿದ ಜಿಡಿಎಎಲ್ ನೂರಾರು ಬಗೆಯ ಕಡತಗಳನ್ನು ಓದಿ ಬರೆಯುತ್ತದೆ. ಅದರ ಹೆಸರು ಕೇಳಿರದವರೂ ಅದನ್ನು ದಿನವೂ ಬಳಸುತ್ತಿರುತ್ತಾರೆ. 2001ರಲ್ಲಿ ಬಂದ ಪೋಸ್ಟ್‌ಜಿಐಎಸ್ ದತ್ತಸಂಚಯದೊಳಗೇ ಸ್ಥಳದ ಲೆಕ್ಕಾಚಾರವನ್ನು ತಂದಿತು. 2004ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಲ್ಲರೂ ಸೇರಿ ಬರೆಯುವ ಭೂಪಟವಾಯಿತು. ಇಂಥ ಯೋಜನೆಗಳಿಗೆ ಒಂದು ನೆಲೆಯಾಗಿ 2006ರಲ್ಲಿ ಓಎಸ್‌ಜಿಯೋ ಪ್ರತಿಷ್ಠಾನ ಸ್ಥಾಪನೆಯಾಯಿತು.

ಈ ತಂತ್ರಾಂಶಗಳು ಬರುವ ಮುನ್ನ ಭೌಗೋಳಿಕ ಮಾಹಿತಿ ವ್ಯವಸ್ಥೆಯನ್ನು ಕಲಿಯುವುದೆಂದರೆ ದುಬಾರಿ ಪರವಾನಗಿ ಇರುವ ಪ್ರಯೋಗಾಲಯದ ಬಾಗಿಲು ಕಾಯುವುದೇ ಆಗಿತ್ತು. ವಿದ್ಯಾರ್ಥಿ ಕೋರ್ಸು ಮುಗಿಸಿ ಹೊರಬಂದ ದಿನವೇ ಕಲಿತದ್ದನ್ನು ಅಭ್ಯಾಸ ಮಾಡುವ ದಾರಿ ಮುಚ್ಚುತ್ತಿತ್ತು. ಆ ತೊಡಕು ಈಗ ಬಹುಮಟ್ಟಿಗೆ ಇಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್ ನಡೆಯುತ್ತದೆ. ಇಂಟರ್ನೆಟ್ ಸರಿಯಿಲ್ಲದ ಕಡೆ ಓಎಸ್‌ಜಿಯೋಲೈವ್ ಎಂಬ ಸಂಗ್ರಹವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಹತ್ತಾರು ತಂತ್ರಾಂಶಗಳು ಒಟ್ಟಿಗೆ ಸಿಗುತ್ತವೆ. ಆದರೂ ಕಲಿಯುವವರು ಎಡವುವುದು ನಿಂತಿಲ್ಲ. ಮೆನು, ಗುಂಡಿಗಳಲ್ಲಿ ದಿಕ್ಕುತಪ್ಪುವವರು ಎರಡನೆಯ ದಿನಕ್ಕೆ ಸರಿಹೋಗುತ್ತಾರೆ. ನಿರ್ದೇಶಾಂಕ, ಕೋಷ್ಟಕಗಳ ಜೋಡಣೆ, ಲಿಪಿ, ದತ್ತಾಂಶದ ಮೂಲ ಇವುಗಳಲ್ಲಿ ಎಡವಿದವರು ವರ್ಷಗಟ್ಟಲೆ ಹಾಗೆಯೇ ಉಳಿಯುವುದುಂಟು. ಹೆಚ್ಚಿನ ಪಠ್ಯಕ್ರಮಗಳು ಮೊದಲನೆಯದಕ್ಕೆ ಸಮಯ ಕೊಟ್ಟು ಎರಡನೆಯದನ್ನು ಒಂದೆರಡು ಪುಟಗಳಲ್ಲಿ ದಾಟಿಸುತ್ತವೆ.

ನಿರ್ದೇಶಾಂಕಗಳ ವಿಷಯವನ್ನೇ ನೋಡಬಹುದು. ಅಕ್ಷಾಂಶ ರೇಖಾಂಶಗಳು ಶಾಲೆಯಲ್ಲೇ ಪರಿಚಯವಾಗಿರುತ್ತವೆ. ಆದರೆ ಗೋಳದ ಮೇಲಿನ ಕೋನವನ್ನು ಚಪ್ಪಟೆ ಹಾಳೆಯ ಮೇಲಿನ ಮೀಟರಿಗೆ ತರುವ ಪ್ರಕ್ಷೇಪ ಎಂಬುದು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತ ಪಾಠ. ತಂತ್ರಾಂಶದ ಮುಂದೆ ಕುಳಿತಾಗ ಅದು ಮರಳಿ ಬಂದು ಕಾಡುತ್ತದೆ. ಮೊದಲ ಎಡವು ತೀರ ಸರಳ. ಬೆಂಗಳೂರಿನ ಅಕ್ಷಾಂಶ 12.97, ರೇಖಾಂಶ 77.59. ಎಕ್ಸ್ ಅಂಕಣದಲ್ಲಿ ಅಕ್ಷಾಂಶವನ್ನೂ ವೈ ಅಂಕಣದಲ್ಲಿ ರೇಖಾಂಶವನ್ನೂ ಕೊಟ್ಟರೆ ಬೆಂಗಳೂರಿನ ಬಿಂದು ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಆರ್ಕ್ಟಿಕ್ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಅಪಾಯಕಾರಿಯಲ್ಲ. ಹೆಚ್ಚು ತೊಂದರೆ ಕೊಡುವುದು ಕಾಣದ ತಪ್ಪು. ಭೂಪಟದ ಒಂದು ಪದರಕ್ಕೆ, ಅಂದರೆ ಒಂದು ಬಗೆಯ ಮಾಹಿತಿಯ ಹಾಳೆಗೆ, ಯಾವ ನಿರ್ದೇಶಾಂಕ ವ್ಯವಸ್ಥೆ ಇದೆ ಎಂದು ತಂತ್ರಾಂಶಕ್ಕೆ ತಿಳಿಸುವುದು ಒಂದು ಕೆಲಸ. ಆ ಪದರವನ್ನು ಇನ್ನೊಂದು ವ್ಯವಸ್ಥೆಗೆ ಪರಿವರ್ತಿಸುವುದು ಬೇರೆಯೇ ಕೆಲಸ. ಎರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ. ಪರಿವರ್ತಿಸಬೇಕಾದಲ್ಲಿ ಬರೀ ಹೆಸರು ಬದಲಿಸಿದರೆ ಸಂಖ್ಯೆಗಳು ಹಳೆಯವೇ ಉಳಿದು ಅರ್ಥ ಮಾತ್ರ ಬದಲಾಗುತ್ತದೆ. ಕಲಿಯುವವರ ಕಡತಗಳಲ್ಲಿ ಮತ್ತೆ ಮತ್ತೆ ಕಾಣುವ ದೋಷ ಇದೇ.

ವಿಸ್ತೀರ್ಣದ ಲೆಕ್ಕ ಇದಕ್ಕಿಂತ ಸೂಕ್ಷ್ಮ. ಅಂತರಜಾಲದ ಬಹುಪಾಲು ಭೂಪಟಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪ ಭೂಮಧ್ಯರೇಖೆಯಿಂದ ದೂರ ಹೋದಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಹಿನ್ನೆಲೆಗೆ ಉಪಗ್ರಹ ಚಿತ್ರ ಹಾಕಿಕೊಂಡ ವಿದ್ಯಾರ್ಥಿ ಅದೇ ಪ್ರಕ್ಷೇಪದಲ್ಲಿ ಒಂದು ಹೊಲವನ್ನು ಗೆರೆಯೆಳೆದು ಸಮತಲದ ಸೂತ್ರದಿಂದ ಅಳೆದರೆ, ಬೆಂಗಳೂರಿನ ಬಳಿಯ ಒಂದು ಎಕರೆ, ಅಂದರೆ 40 ಗುಂಟೆ, 42 ಗುಂಟೆಯನ್ನು ದಾಟುತ್ತದೆ. ಬೀದರಿನ ಬಳಿಯಾದರೆ 44ನ್ನು ದಾಟುತ್ತದೆ. ಜಮೀನಿನ ವ್ಯವಹಾರ ಗೊತ್ತಿರುವ ಯಾರಿಗೂ ನಾಲ್ಕು ಗುಂಟೆ ಎಂದರೇನೆಂದು ವಿವರಿಸಬೇಕಿಲ್ಲ. ಕ್ಯೂಜಿಐಎಸ್‌ನಲ್ಲಿ ಭೂಮಿಯ ಆಕಾರಕ್ಕೆ ಹತ್ತಿರವಾದ ದೀರ್ಘಗೋಳದ ಮೇಲೆ ಅಳೆಯುವ ಸೂತ್ರವೂ ಇದೆ, ಸಮತಲದ ಮೇಲೆ ಅಳೆಯುವ ಸೂತ್ರವೂ ಇದೆ. ಎರಡರ ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆಸಿ, ವ್ಯತ್ಯಾಸ ಏಕೆ ಬಂತೆಂದು ಕೇಳುವ ಒಂದೇ ಅಭ್ಯಾಸ ಪ್ರಕ್ಷೇಪದ ಹತ್ತು ಪುಟಗಳ ಟಿಪ್ಪಣಿಗಿಂತ ಹೆಚ್ಚು ಕಲಿಸುತ್ತದೆ.

ಸರಿಯಾದ ಪ್ರಕ್ಷೇಪ ಯಾವುದೆಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದೇ ಉತ್ತರವಿಲ್ಲ. ಯುಟಿಎಂ ವ್ಯವಸ್ಥೆ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸೀಳುತ್ತದೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೆಯ ವಲಯ, ಅದರಾಚೆಗೆ 44ನೆಯದು. ಕಾರವಾರದಿಂದ ಬೆಂಗಳೂರಿನವರೆಗೆ ರಾಜ್ಯದ ಬಹುಭಾಗ 43ರಲ್ಲಿ ಬಂದರೆ, ಕೋಲಾರ, ಬಂಗಾರಪೇಟೆ, ಮುಳಬಾಗಿಲುಗಳು 78ರ ಆಚೆಗಿದ್ದು 44ಕ್ಕೆ ಸೇರುತ್ತವೆ. ಇಡೀ ರಾಜ್ಯದ ಒಂದು ಭೂಪಟಕ್ಕೆ 43ನ್ನೇ ಬಳಸಿದರೆ ಕೋಲಾರದಲ್ಲಿ ದೂರದ ದೋಷ ಕಿಲೋಮೀಟರಿಗೆ ಸುಮಾರು ಒಂದು ಮೀಟರು. ಗೋಡೆಗೆ ತೂಗುಹಾಕುವ ಪಟಕ್ಕೆ ಅದು ಲೆಕ್ಕಕ್ಕಿಲ್ಲ, ಸರ್ವೆ ನಂಬರಿನ ಗಡಿಗೆ ಲೆಕ್ಕಕ್ಕುಂಟು. ಎಷ್ಟು ದೋಷ ಯಾವ ಕೆಲಸಕ್ಕೆ ಸಹ್ಯ ಎಂಬ ಈ ತೀರ್ಮಾನವನ್ನು ಯಾವ ತಂತ್ರಾಂಶವೂ ಬಳಕೆದಾರರ ಪರವಾಗಿ ಮಾಡಿಕೊಡುವುದಿಲ್ಲ.

ಹಳೆಯ ನಕಾಶೆಗಳನ್ನು ಸ್ಕ್ಯಾನ್ ಮಾಡಿ ಸ್ಥಾನಕ್ಕೆ ಕೂರಿಸುವ ಪಾಠದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳು ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿದವು. ಇಂದಿನ ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಎರಡರ ನಡುವಿನ ಪಲ್ಲಟ ದಕ್ಷಿಣ ಭಾರತದಲ್ಲಿ ನೂರು ಮೀಟರಿಗೂ ಹೆಚ್ಚು. ಅದನ್ನು ಲೆಕ್ಕಿಸದಿದ್ದರೆ ಕೆರೆಯ ಏರಿ ಪಕ್ಕದ ಗದ್ದೆಗೆ ಸರಿದಿರುತ್ತದೆ. 2005ರ ರಾಷ್ಟ್ರೀಯ ಭೂಪಟ ನೀತಿಯ ನಂತರ ಸಾರ್ವಜನಿಕರಿಗೆ ಬಂದ ಮುಕ್ತ ಸರಣಿಯ ಹಾಳೆಗಳಲ್ಲಿ ಡಬ್ಲ್ಯುಜಿಎಸ್ 84 ಬಂದದ್ದರಿಂದ ಈ ತಾಪತ್ರಯ ಕಡಿಮೆಯಾಯಿತು. ಗ್ರಾಮ ನಕಾಶೆಗಳಿಗಾದರೋ ಅಕ್ಷಾಂಶ ರೇಖಾಂಶದ ಗುರುತೇ ಇರುವುದಿಲ್ಲ. ಕಂದಾಯ ಅಳತೆಯ ಅನೇಕ ನಕಾಶೆಗಳು ಮೈಲಿಗೆ ಎಂಟು ಇಂಚು, ಅಂದರೆ 1:7920 ಪ್ರಮಾಣದವು. ಅವುಗಳಲ್ಲಿ ನಂಬಬಹುದಾದ ಗುರುತುಗಳೆಂದರೆ ಮೂರು ಊರುಗಳ ಎಲ್ಲೆ ಕೂಡುವ ಗಡಿಕಲ್ಲು, ಹಳೆಯ ಗುಡಿ, ಕೆರೆಯ ತೂಬು. ರಸ್ತೆಯ ತಿರುವನ್ನು ನಂಬಿ ಕೂರಿಸಿದ ನಕಾಶೆ ರಸ್ತೆ ಅಗಲವಾದ ಮೇಲೆ ಕೆಡುತ್ತದೆ. ಇದನ್ನು ಸರ್ವೆ ಇಲಾಖೆಯ ಭೂಮಾಪಕರು ಯಾವ ಕಂಪ್ಯೂಟರಿನ ನೆರವೂ ಇಲ್ಲದೆ ಬಲ್ಲರು. ತರಬೇತಿ ಶಿಬಿರಗಳಿಗೆ ಅಂಥವರನ್ನು ಕರೆಸಿದರೆ ತಂತ್ರಾಂಶ ಬಲ್ಲವರಿಗೇ ಹೆಚ್ಚು ಲಾಭ.

ಎರಡನೆಯ ದೊಡ್ಡ ತೊಡಕು ಹೆಸರುಗಳದು. ಜಿಲ್ಲೆಗಳ ಭೂಪಟಕ್ಕೆ ಜನಗಣತಿಯ ಕೋಷ್ಟಕವನ್ನು ಜೋಡಿಸುವುದು ಎಲ್ಲ ತರಬೇತಿಗಳಲ್ಲೂ ಬರುವ ಅಭ್ಯಾಸ. ಪುಸ್ತಕದಲ್ಲಿ ಅದು ನಾಲ್ಕು ಹೆಜ್ಜೆಗಳಲ್ಲಿ ಮುಗಿಯುತ್ತದೆ. ಇಲ್ಲಿನ ದತ್ತಾಂಶದಲ್ಲಿ ಹಾಗಾಗುವುದಿಲ್ಲ. 2011ರ ಜನಗಣತಿ ಇಂಗ್ಲಿಷಿನಲ್ಲಿ ಗುಲ್ಬರ್ಗಾ, ಶಿಮೊಗಾ, ಬಿಜಾಪುರ ಎಂದು ಬರೆದದ್ದನ್ನು 2014ರ ನವೆಂಬರ್ 1ರ ಬದಲಾವಣೆಯ ನಂತರದ ಭೂಪಟಗಳು ಕಲಬುರಗಿ, ಶಿವಮೊಗ್ಗ, ವಿಜಯಪುರ ಎನ್ನುತ್ತವೆ. ತಂತ್ರಾಂಶಕ್ಕೆ ಇವು ಬೇರೆ ಬೇರೆ ಊರುಗಳು. ಎಲ್ಲೆಗಳೂ ನಿಂತಲ್ಲಿ ನಿಂತಿಲ್ಲ. ಆ ಜನಗಣತಿಯ ಹೊತ್ತಿಗೆ ರಾಜ್ಯದಲ್ಲಿದ್ದುದು 30 ಜಿಲ್ಲೆಗಳು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಬಂತು. ಹರಪನಹಳ್ಳಿ ತಾಲ್ಲೂಕು ಜನಗಣತಿಯಲ್ಲಿ ದಾವಣಗೆರೆಯದು, 2018ರಲ್ಲಿ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದ್ದು. ಹಳ್ಳಿಯ ಮಟ್ಟಕ್ಕಿಳಿದರೆ ಹೊಸಹಳ್ಳಿ, ರಾಂಪುರಗಳು ಒಂದೇ ತಾಲ್ಲೂಕಿನಲ್ಲಿ ಎರಡೆರಡು ಸಿಗಬಹುದು. ಹೆಸರಿನ ಬದಲು ಜನಗಣತಿಯ ಗ್ರಾಮ ಸಂಕೇತಾಂಕವನ್ನು ಹಿಡಿಯಬೇಕೆಂಬ ಪಾಠ ಇಲ್ಲಿಂದಲೇ ಮನವರಿಕೆಯಾಗುತ್ತದೆ. ಸ್ವಚ್ಛವಾಗಿ ತೊಳೆದಿಟ್ಟ ದತ್ತಾಂಶ ಕೊಟ್ಟು ಕಲಿಸುವ ಶಿಕ್ಷಕರು ವಿದ್ಯಾರ್ಥಿಗಳಿಗೆ ಉಪಕಾರ ಮಾಡುತ್ತಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಲಿಪಿಯ ತೊಡಕೊಂದು ಹೆಚ್ಚುವರಿ. ಎಲ್ಲೆಡೆ ಬಳಕೆಯಲ್ಲಿರುವ ಶೇಪ್‌ಫೈಲ್ 1990ರ ದಶಕದ ಕಡತರೂಪ. ಅದರಲ್ಲಿ ಅಂಕಣದ ಹೆಸರಿಗೆ ಸಿಗುವುದು 10 ಬೈಟ್ ಮಾತ್ರ. ಇಂಗ್ಲಿಷಿನಲ್ಲಿ ಅದು ಹತ್ತು ಅಕ್ಷರ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಮೂಲಚಿಹ್ನೆಗೂ, ಗುಣಿತದ ಗುರುತಿಗೂ 3 ಬೈಟ್ ಬೇಕು. ಹೀಗಾಗಿ ‘ಊರು’ 9 ಬೈಟಿನಲ್ಲಿ ಹಿಡಿಸುತ್ತದೆ, ‘ಕೆರೆ’ 12 ಬೈಟ್ ಆಗಿ ಹಿಡಿಸುವುದಿಲ್ಲ, ‘ಗ್ರಾಮ’ಕ್ಕಂತೂ 15 ಬೇಕು. ಒಂದು ಕೋಶದ ಪಠ್ಯಕ್ಕೂ 254 ಬೈಟ್‌ಗಳ ಮಿತಿ ಇರುವುದರಿಂದ ಕನ್ನಡದ ವಿವರಣೆ ಅರ್ಧದಲ್ಲೇ ತುಂಡಾಗುತ್ತದೆ. ಲಿಪಿಸಂಕೇತ ಯಾವುದೆಂದು ತಿಳಿಸುವ ಪುಟ್ಟ ಕಡತ ಜೊತೆಗಿಲ್ಲದಿದ್ದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. 2014ರಲ್ಲಿ ಮಾನಕವಾದ ಜಿಯೋಪ್ಯಾಕೇಜ್‌ನಲ್ಲಿ ಈ ಮಿತಿಗಳಿಲ್ಲ, ನಾಲ್ಕೈದು ಕಡತಗಳ ಬದಲು ಒಂದೇ ಕಡತ ಸಾಕು, ಕ್ಯೂಜಿಐಎಸ್ ಕೂಡ ಅದನ್ನೇ ಮುಂದಿಡುತ್ತದೆ. ಆದರೂ ಕಚೇರಿಗಳು ಶೇಪ್‌ಫೈಲನ್ನೇ ಕೇಳುತ್ತವೆ, ಶಿಬಿರಗಳು ಅದನ್ನೇ ಕಲಿಸುತ್ತವೆ. ಇದರ ಮೇಲೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಸರ್ಕಾರಿ ಕೋಷ್ಟಕಗಳು. ಎಕ್ಸೆಲ್‌ನಲ್ಲಿ ಚೆನ್ನಾಗಿ ಕಾಣುವ ಊರಿನ ಹೆಸರು ಭೂಪಟದ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬರುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸದೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಇಂಗ್ಲಿಷಿನಲ್ಲಿ ಬರೆದ ಯಾವ ಕೈಪಿಡಿಯೂ ಈ ಸಂಗತಿಯನ್ನು ಹೇಳುವುದಿಲ್ಲ; ಹೇಳಲು ಅವುಗಳಿಗೆ ಕಾರಣವೂ ಇಲ್ಲ.

ಕೈಪಿಡಿಗಳ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. ಗ್ರಾಸ್ ಕಲಿಯುವವರು ಬಹುಕಾಲ ಅಮೆರಿಕದ ದಕ್ಷಿಣ ಡಕೋಟದ ಸ್ಪಿಯರ್‌ಫಿಶ್ ಪ್ರದೇಶದ ದತ್ತಾಂಶದ ಮೇಲೆ, ಆಮೇಲೆ ಉತ್ತರ ಕೆರೊಲಿನಾದ ಮೇಲೆ ಅಭ್ಯಾಸ ಮಾಡಿದರು. ಕ್ಯೂಜಿಐಎಸ್‌ನ ಮಾದರಿ ದತ್ತಾಂಶ ಅಲಾಸ್ಕಾದ್ದು, ಅದರ ತರಬೇತಿ ಕೈಪಿಡಿಯದು ದಕ್ಷಿಣ ಆಫ್ರಿಕದ ಸ್ವೆಲೆನ್‌ಡಾಮ್ ಪಟ್ಟಣ. ಇವೆಲ್ಲ ಎಚ್ಚರದಿಂದ ಸಿದ್ಧಪಡಿಸಿದ ಒಳ್ಳೆಯ ಪಾಠಗಳು. ಕೊರತೆ ಒಂದೇ: ಉತ್ತರ ತಪ್ಪಾದರೆ ಗುರುತಿಸುವ ಶಕ್ತಿ ಓದುಗರಿಗೆ ಇರುವುದಿಲ್ಲ. ಅಲಾಸ್ಕಾದ ಕಾಡು ನದಿಯ ಯಾವ ದಡದಲ್ಲಿರಬೇಕೆಂದು ಹಾಸನದ ವಿದ್ಯಾರ್ಥಿನಿಗೆ ಹೇಗೆ ತಿಳಿಯಬೇಕು? ಹೇಮಾವತಿಯ ಜಲಾಶಯ ಗೊರೂರಿನ ತಪ್ಪು ಬದಿಗೆ ಬಂದರೆ ಮಾತ್ರ ಆಕೆ ತಕ್ಷಣ ಹಿಡಿಯುತ್ತಾಳೆ.

ಸ್ವಂತ ನೆಲದಿಂದಲೇ ಆರಂಭಿಸಿ ಬರೆದ ಪಾಠಕ್ಕೆ ಒಳ್ಳೆಯ ಮಾದರಿಯೂ ದಕ್ಷಿಣ ಆಫ್ರಿಕದಿಂದಲೇ ಬಂದಿದೆ. ಪೂರ್ವ ಕೇಪ್ ಪ್ರಾಂತದ ಭೂ ಇಲಾಖೆಯ ನೆರವಿನಿಂದ, ಪ್ರೌಢಶಾಲೆಯ ಮಕ್ಕಳನ್ನು ಗಮನದಲ್ಲಿಟ್ಟು 2009ರ ಸುಮಾರಿಗೆ ಸಿದ್ಧವಾದ ಕಿರುಪುಸ್ತಕವೊಂದು ಈಗ ಕ್ಯೂಜಿಐಎಸ್‌ನ ಅಧಿಕೃತ ದಾಖಲೆಗಳ ಭಾಗ. ಅದರ ವಿಶೇಷವೆಂದರೆ ಪರಿಕಲ್ಪನೆ ಮೊದಲು, ಕಂಪ್ಯೂಟರು ಆಮೇಲೆ. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಪದರ ಎಂದರೇನೆಂದು ತೋರಿಸುವ ಬಗೆಯ ಚಟುವಟಿಕೆಗಳು ಅದರಲ್ಲಿವೆ.

ಭಾರತದಲ್ಲಿ ಶಾಲಾ ಮಟ್ಟದ ಮುಖ್ಯ ಪ್ರಯೋಗ ಕೇರಳದ್ದು. ಮುಕ್ತ ತಂತ್ರಾಂಶವನ್ನೇ ಶಾಲೆಗಳಲ್ಲಿ ಬಳಸುವ ನೀತಿಯ ಆ ರಾಜ್ಯ ಹತ್ತನೆಯ ತರಗತಿಯ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕದಲ್ಲಿ ಭೂಪಟದ ಪಾಠಕ್ಕೆ ಕ್ಯೂಜಿಐಎಸ್ ಅನ್ನು ತಂದಿತು. ಪದರಗಳನ್ನು ತೆರೆಯುವುದು, ರಸ್ತೆಯ ಇಕ್ಕೆಲಗಳಲ್ಲಿ ನಿಗದಿತ ಅಗಲದ ಬಫರ್ ಪಟ್ಟಿ ರಚಿಸುವುದು ಮೊದಲಾದವು ಲಕ್ಷಾಂತರ ಮಕ್ಕಳ ಪ್ರಾಯೋಗಿಕ ಪಾಠವಾದವು. ಆ ರಾಜ್ಯದ ಪಠ್ಯಗಳು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಕನ್ನಡದಲ್ಲೂ ಬರುತ್ತವೆ. ಹಾಗಾಗಿ ಕ್ಯೂಜಿಐಎಸ್ ಅನ್ನು ಶಾಲೆಯಲ್ಲಿ ಕನ್ನಡದಲ್ಲೇ ಓದಿದ ಮಕ್ಕಳು ಇದ್ದಾರೆ, ಕರ್ನಾಟಕದ ಗಡಿಯ ಆಚೆಗೆ.

ಉನ್ನತ ಮಟ್ಟದಲ್ಲಿ ಚಿತ್ರ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ಸಂಶೋಧಕರು ಗ್ರಾಸ್ ಅನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡು ನಗರದ ಬೆಳವಣಿಗೆ, ಕೆರೆಗಳ ನಾಶಗಳ ಅಧ್ಯಯನಕ್ಕೆ ಬಳಸಿದರು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ 2007ರಿಂದ ದೂರಶಿಕ್ಷಣದ ಮೂಲಕ ಕಾಲೇಜುಗಳನ್ನು ತಲುಪುತ್ತಿದೆ. ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸುಮಾರು ಹತ್ತು ನಿಮಿಷಗಳ ಪಾಠಗಳಾಗಿ ಮುಕ್ತ ತಂತ್ರಾಂಶಗಳನ್ನು ಕಲಿಸುತ್ತದೆ. ಕ್ಯೂಜಿಐಎಸ್ ಕೂಡ ಆ ಪಟ್ಟಿಯಲ್ಲಿದೆ. ಪಕ್ಕದಲ್ಲಿ ತಂತ್ರಾಂಶ ತೆರೆದಿಟ್ಟು, ಪಾಠ ನಿಲ್ಲಿಸಿ ನಿಲ್ಲಿಸಿ ಮಾಡಿ ನೋಡುವುದು ಅದರ ವಿಧಾನ. ಈ ಯೋಜನೆಯ ಅನೇಕ ಪಾಠಗಳಿಗೆ ಕನ್ನಡದ ಧ್ವನಿ ಇದೆ. ಇವುಗಳಾಚೆಗೆ ಎರಡು ಮೂರು ದಿನಗಳ ಶಿಬಿರಗಳು. ಶಿಬಿರದ ಕೊನೆಗೆ ಎಲ್ಲರ ಕೈಯಲ್ಲೂ ಬಣ್ಣದ ಭೂಪಟವೊಂದು ಇರುತ್ತದೆ. ಎರಡು ತಿಂಗಳ ನಂತರ ತಮ್ಮದೇ ದತ್ತಾಂಶದಿಂದ ಇನ್ನೊಂದನ್ನು ಮಾಡಬಲ್ಲವರು ಕಡಿಮೆ. ಶಿಬಿರದ ನಂತರ ಪ್ರಶ್ನೆ ಕೇಳಲು ಒಬ್ಬರು ಸಿಕ್ಕವರು ಮಾತ್ರ ಮುಂದುವರಿಯುತ್ತಾರೆ.

ಅಭ್ಯಾಸಕ್ಕೆ ಬೇಕಾದ ದತ್ತಾಂಶ ಈಗ ಹಿಂದಿನಷ್ಟು ದುರ್ಲಭವಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ. 2015ರಲ್ಲಿ ಹಾರಿದ ಸೆಂಟಿನೆಲ್-2 ಹತ್ತು ಮೀಟರಿನ ಸೂಕ್ಷ್ಮತೆಯ ಚಿತ್ರಗಳನ್ನು ಯಾರಿಗಾದರೂ ಕೊಡುತ್ತದೆ. ಇಸ್ರೊದ ಭುವನ್ 2009ರಲ್ಲಿ ಬಂತು. 2017ರಿಂದ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ಹಾಳೆಗಳನ್ನು ಅಂತರಜಾಲದಿಂದ ಇಳಿಸಿಕೊಳ್ಳಬಹುದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ಮತ್ತು ದಿಶಾಂಕ್ ಆ್ಯಪ್ ಸರ್ವೆ ನಂಬರಿನವರೆಗೂ ಭೂಪಟವನ್ನು ತೋರಿಸುತ್ತವೆ. ಆದರೆ ತೆರೆಯ ಮೇಲೆ ನೋಡುವುದಕ್ಕೂ ಕಡತವಾಗಿ ಪಡೆದು ವಿಶ್ಲೇಷಿಸುವುದಕ್ಕೂ ಅಂತರವಿದೆ. ತರಗತಿಗೆ ಬೇಕಿರುವುದು ಎರಡನೆಯದು. ಡೇಟಾಮೀಟ್‌ನಂಥ ಸ್ವಯಂಸೇವಕರ ಬಳಗಗಳು ಜಿಲ್ಲೆ, ವಿಧಾನಸಭಾ ಕ್ಷೇತ್ರಗಳ ಎಲ್ಲೆಗಳನ್ನು ಬಳಸಲು ಬರುವ ರೂಪದಲ್ಲಿ ಇಟ್ಟಿರುವುದರಿಂದಲೇ ಎಷ್ಟೋ ಪಾಠಗಳು ನಡೆಯುತ್ತಿವೆ.

ಕಾನೂನನ್ನೂ ಪಾಠದಲ್ಲಿ ಸೇರಿಸಬೇಕಾಗುತ್ತದೆ. 2021ರ ಫೆಬ್ರವರಿ 15ರ ಮಾರ್ಗಸೂಚಿಗಳು ಭಾರತೀಯರು ಭೂಪಟ ತಯಾರಿಸಲು ಪೂರ್ವಾನುಮತಿಯ ಅಗತ್ಯವನ್ನು ತೆಗೆದುಹಾಕಿದವು, 2022ರ ರಾಷ್ಟ್ರೀಯ ಭೂಸ್ಥಾನಿಕ ನೀತಿ ಅದೇ ದಾರಿಯಲ್ಲಿ ಸಾಗಿತು. ಆದರೆ ದೇಶದ ಹೊರಗಡಿಯನ್ನು ಸರ್ವೇಕ್ಷಣ ಇಲಾಖೆಯ ಭೂಪಟಕ್ಕೆ ವ್ಯತಿರಿಕ್ತವಾಗಿ ಪ್ರಕಟಿಸುವುದು 1961ರ ಕಾಯಿದೆಯೊಂದರ ಪ್ರಕಾರ ಇಂದಿಗೂ ಅಪರಾಧ. ಅಂತರಜಾಲದಲ್ಲಿ ಸಿಗುವ ವಿಶ್ವ ಭೂಪಟದ ಅನೇಕ ಕಡತಗಳು ಜಮ್ಮು ಕಾಶ್ಮೀರ, ಲಡಾಖ್‌ಗಳ ಗಡಿಯನ್ನು ಬೇರೆಯಾಗಿ ತೋರಿಸುತ್ತವೆ. ಪ್ರಬಂಧ ಮುದ್ರಣಕ್ಕೆ ಹೋಗುವ ಹಿಂದಿನ ದಿನ ಇದು ಗೊತ್ತಾಗುವುದಕ್ಕಿಂತ ಮೊದಲ ವಾರವೇ ಗೊತ್ತಾಗುವುದು ಮೇಲು.

ಪಠ್ಯ ಬರೆಯುವವರಿಗೆ ತಂತ್ರಾಂಶದ ವೇಗವೇ ಒಂದು ಸಮಸ್ಯೆ. ಕ್ಯೂಜಿಐಎಸ್ ನಾಲ್ಕು ತಿಂಗಳಿಗೊಮ್ಮೆ ಹೊಸ ಆವೃತ್ತಿ ತರುತ್ತಾ ಬಂದಿದೆ, 2018ರಲ್ಲಿ 3.0 ಬಂದಾಗ ಪೈಥಾನ್ ಭಾಷೆಯ ಆವೃತ್ತಿಯೂ ಬದಲಾಗಿ ಹಳೆಯ ಪ್ಲಗಿನ್‌ಗಳು ಕೆಲಸ ನಿಲ್ಲಿಸಿದವು, ಚಿತ್ರಸಹಿತ ಕೈಪಿಡಿಗಳು ರಾತ್ರೋರಾತ್ರಿ ಹಳತಾದವು. ವರ್ಷಕ್ಕೊಂದು ಬರುವ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಇಡೀ ತರಗತಿಗೆ ಹಾಕಿಕೊಳ್ಳುವುದು ವಿವೇಕ. ಪರದೆಯ ಚಿತ್ರಗಳನ್ನು ಕಡಿಮೆ ಮಾಡಿ, ಏನು ಮಾಡಬೇಕು, ಏಕೆ ಮಾಡಬೇಕು ಎಂದು ಮಾತಿನಲ್ಲಿ ಬರೆದ ಪಾಠಗಳು ಹೆಚ್ಚು ಬಾಳುತ್ತವೆ. ಪರೀಕ್ಷೆಯ ಪದ್ಧತಿ ಇದಕ್ಕೆ ವಿರುದ್ಧವಾಗಿ ಎಳೆಯುತ್ತದೆ. ರೆಕಾರ್ಡ್ ಪುಸ್ತಕಕ್ಕೆ ಪರದೆಯ ಚಿತ್ರ ಅಂಟಿಸಿ ಸಹಿ ಪಡೆಯುವ ವ್ಯವಸ್ಥೆಯಲ್ಲಿ ಅಂಕ ಸಿಗುವುದು ಹೆಜ್ಜೆಗಳಿಗೆ. ಬೇಕೆಂದೇ ಪ್ರಕ್ಷೇಪ ಕೆಡಿಸಿದ ಪದರ, ಎರಡು ಬಗೆಯ ಕಾಗುಣಿತದ ಕೋಷ್ಟಕ, ಒಂದು ಕಡತ ಕಾಣೆಯಾದ ಶೇಪ್‌ಫೈಲ್ ಕೊಟ್ಟು ಏನು ಕೆಟ್ಟಿದೆ ಎಂದು ಕೇಳಿದರೆ ಯಾರು ಕಲಿತಿದ್ದಾರೆಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಉದ್ಯೋಗದ ಜಾಹೀರಾತುಗಳು ಇನ್ನೂ ವಾಣಿಜ್ಯ ತಂತ್ರಾಂಶದ ಹೆಸರನ್ನೇ ಕೇಳುತ್ತವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರಕ್ಷೇಪ, ಜೋಡಣೆ, ಬಫರ್, ವರ್ಗೀಕರಣ ಎಲ್ಲಿಯಾದರೂ ಅವೇ. ಒಂದರಲ್ಲಿ ಗಟ್ಟಿಯಾಗಿ ಕಲಿತವರು ಇನ್ನೊಂದಕ್ಕೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತಾರೆ. ಮುಕ್ತ ತಂತ್ರಾಂಶದಲ್ಲಿ ಸಿಗುವ ಹೆಚ್ಚಿನದು ಒಳಗಿನ ಲೆಕ್ಕವನ್ನು ತೆರೆದು ನೋಡುವ ಅವಕಾಶ. ಗ್ರಾಸ್‌ನ ಜಲಾನಯನ ಆಜ್ಞೆ ನೀರಿನ ಹರಿವನ್ನು ಹೇಗೆ ಗುರುತಿಸುತ್ತದೆಂದು ಓದಿ, ಬೆಂಗಳೂರಿನ ಕೆರೆಗಳ ಸರಣಿಯ ಮೇಲೆ ಓಡಿಸಿ, ಉತ್ತರ ಎಲ್ಲಿ ನಿಜವಾದ ರಾಜಕಾಲುವೆಯಿಂದ ಬೇರೆಯಾಗುತ್ತದೆಂದು ನಡೆದು ನೋಡುವುದು ಸ್ನಾತಕೋತ್ತರ ಮಟ್ಟದಲ್ಲೂ ಒಳ್ಳೆಯ ಅಭ್ಯಾಸ. ಮುಂದೆ ಪೈಥಾನ್, ಪೋಸ್ಟ್‌ಜಿಐಎಸ್ ಕಡೆಗೆ ಹೋಗುವವರಿಗೆ ದಾರಿ ತೆರೆದೇ ಇದೆ. ಎಲ್ಲರೂ ಹೋಗಬೇಕೆಂದಿಲ್ಲ.

ಕಲಿತವರು ಮರಳಿ ಕೊಡುವುದಕ್ಕೆ ಮೊದಲ ಸುಲಭ ಸ್ಥಳ ಓಪನ್‌ಸ್ಟ್ರೀಟ್‌ಮ್ಯಾಪ್. 2010ರ ಹೈಟಿ ಭೂಕಂಪದ ನಂತರ ಪ್ರಪಂಚದ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಪೋರ್ಟೊ-ಪ್ರಿನ್ಸ್‌ನ ಬೀದಿಗಳನ್ನು ಬರೆದುಕೊಟ್ಟದ್ದು ಅದರ ಸಾಮರ್ಥ್ಯವನ್ನು ತೋರಿಸಿತು. ಕರ್ನಾಟಕದ ತರಗತಿಗಳಿಗೆ ಅಷ್ಟು ದೂರದ ಕೆಲಸ ಬೇಕಿಲ್ಲ. ಅದರಲ್ಲಿ ಪ್ರತಿ ಸ್ಥಳಕ್ಕೂ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಜಾಗವಿದೆ. ಉಪಗ್ರಹ ಚಿತ್ರದಿಂದ ಕೆರೆಯ ಅಂಚನ್ನು ಯಾರು ಬೇಕಾದರೂ ಎಳೆಯಬಹುದು. ಅದರ ಹೆಸರನ್ನು, ಕೋಡಿ ಎಲ್ಲಿದೆ ಎಂಬುದನ್ನು, ತೂಬು ಈಗಲೂ ನಡೆಯುತ್ತದೆಯೇ ಎಂಬುದನ್ನು ಊರಿಗೆ ಹೋಗಿ ಕೇಳಿಯೇ ಬರೆಯಬೇಕು.